ಕೇಳದೆ ಎಳೆದ ಟ್ರಿಗರ್

ನನ್ನ ಮೈದುನ ಡ್ವೈಟ್ ನಮ್ಮ ಕ್ಲಬ್ಬಿನಲ್ಲಿ ಪಿಸ್ತೂಲು ಹಿಡಿಯುವುದನ್ನು ಎಷ್ಟೋ ಜನಕ್ಕೆ ಕಲಿಸಿದವನು. ಅದಕ್ಕೇ ನನಗಿಷ್ಟು ಸಿಟ್ಟು. ಏನೂ ಗೊತ್ತಿಲ್ಲದವರು ಮಾಡಿದ್ದರೆ ನುಂಗಿಕೊಳ್ಳುತ್ತಿದ್ದೆ.

ನನ್ನ ಗಂಡ ಎಮೆಟ್ ಕೂಡಿಸಿಟ್ಟಿರುವುದೆಲ್ಲ ತಯಾರಿಕೆ ನಿಂತುಹೋದ ಪಿಸ್ತೂಲುಗಳು. ಒಂದು ಸ್ಪ್ರಿಂಗ್ ಬೇಕೆಂದರೂ ಓಹಾಯೋದ ಬಂದೂಕು ಸಂತೆಗಳನ್ನೆಲ್ಲ ಅಲೆಯಬೇಕು. ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋದ ಮೇಲೆ ಒರೆಸುವುದು, ಎಣ್ಣೆ ಹಾಕುವುದು ನನ್ನ ಪಾಲಿಗೆ ಬಂತು. ಮೊದಮೊದಲು ಶಪಿಸುತ್ತಲೇ ಮಾಡಿದೆ. ಈಗ ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುತ್ತೇನೆ.

ಅಷ್ಟು ಪಿಸ್ತೂಲುಗಳಲ್ಲಿ ಒಂದೇ ಒಂದರ ಸ್ಲೈಡು, ಅಂದರೆ ಗುಂಡು ಒಳಗೆ ಹಾಕಲು ಹಿಂದಕ್ಕೆಳೆಯುವ ಮೇಲ್ಭಾಗ, ಅವನ ಎಡಗೈಗೆ ಬಗ್ಗುತ್ತಿತ್ತು. ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎಳೆಯುತ್ತಿದ್ದ. ಶನಿವಾರದ ಕ್ಲಬ್ ಪಂದ್ಯದಲ್ಲಿ ಮತ್ತೆ ನಿಲ್ಲಬೇಕೆಂದು ಚಳಿಗಾಲವಿಡೀ ಅಭ್ಯಾಸ ಮಾಡಿದ್ದ. ಅಲ್ಲಿ ಅವರವರ ಪಿಸ್ತೂಲನ್ನು ಅವರವರೇ ಸಿದ್ಧಮಾಡಿಕೊಳ್ಳಬೇಕು, ಬೇರೆಯವರು ಕೈ ಹಾಕುವಂತಿಲ್ಲ. ಆ ಹಳೆಯ ಪಿಸ್ತೂಲಿನಲ್ಲಿ ಗುಂಡಿಗೆ ಬಡಿಯುವ ಪಿನ್ನು ಬಲು ಪೆಡಸು. ಅಭ್ಯಾಸದಲ್ಲಿ ಅದು ಬರಿದಾಗಿ ಬಡಿದು ಮುರಿಯದಿರಲೆಂದು ಒಳಗೊಂದು ಕೆಂಪು ನಕಲಿ ಗುಂಡು ಇಟ್ಟಿರುತ್ತಿದ್ದೆವು.

ಗುರುವಾರ ಡ್ವೈಟ್ ಊಟಕ್ಕೆ ಬಂದ. ಮೇಜಿನ ಮೇಲಿದ್ದ ಪಿಸ್ತೂಲಿಗೆ ಕೈ ಹಾಕಿದ.

"ಏನು ಲೊರೆಟಾ, ಅಜ್ಜನ ಕಾಲದ ಸಾಮಾನು ಇನ್ನೂ ಎಸೆದಿಲ್ವಾ?"

"ಮೊದಲು ಕೈಗಂಟಿರೋ ಸಾರು ಒರೆಸ್ಕೋ, ಆಮೇಲೆ ಮುಟ್ಟು."

ನಕ್ಕ. ಸ್ಲೈಡು ಎಳೆದು ಕೆಂಪು ಗುಂಡನ್ನು ಹೊರಗೆ ಹಾಕಿದ, ಒಳಗೆ ಇಣುಕಿ ನೋಡಿದ. ಎಲ್ಲ ನಿಯಮದ ಪ್ರಕಾರವೇ. ನಾನು ಕಾಫಿ ಸುರಿಯಲು ತಿರುಗುತ್ತಲೇ ಟ್ರಿಗರ್ ಎಳೆದ. ಟಕ್. ಮತ್ತೆ ಎಳೆದ. ಈ ಸಲದ ಸದ್ದು ಸರಿಯಿರಲಿಲ್ಲ.

ಇನ್ನೊಬ್ಬರ ಪಿಸ್ತೂಲಿನ ಟ್ರಿಗರನ್ನು ಕೇಳದೆ ಎಳೆಯಬಾರದು. ಕ್ಲಬ್ಬಿನಲ್ಲಿ ಇದನ್ನು ಮೊದಲ ದಿನವೇ ಹೇಳಿಕೊಡುವವನು ಇವನೇ. ಕಿತ್ತುಕೊಂಡು ಬಿಚ್ಚಿದೆ. ಮುರಿದಿದ್ದ ಪಿನ್ನಿನ ತುದಿ ನನ್ನ ಅಂಗೈಗೆ ಬಿತ್ತು.

"ಖಾಲಿ ಇತ್ತಲ್ಲ! ನೋಡೇ ಎಳೆದದ್ದು."

"ಖಾಲಿ ಇದ್ದದ್ದಕ್ಕೇ ಮುರಿದದ್ದು ಕಣೋ! ಆ ಕೆಂಪು ಗುಂಡೇನು ಅಲಂಕಾರಕ್ಕೆ ಇಟ್ಟಿದ್ವಾ? ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಹೊಸದು ಮಾಡಿಸಿದ್ರಾಯ್ತು."

"ನಾಡಿದ್ದರೊಳಗಾ? ನಿಮ್ಮಪ್ಪ ಮಾಡ್ಕೊಡ್ತಾನಾ?"

ಎಮೆಟ್ ತೊದಲಿದ. "ಬಿಡೇ... ಹೋಗ್ಲಿ." ಅದನ್ನು ಕೇಳಿ ನನಗೆ ಇನ್ನಷ್ಟು ಉರಿಯಿತು.

ಡ್ವೈಟ್ ಸೊಂಟದಲ್ಲಿದ್ದ ತನ್ನ ಹೊಸ ಪಿಸ್ತೂಲು ತೆಗೆದು, ಖಾಲಿ ಮಾಡಿ, ಅಣ್ಣನ ಮುಂದಿಟ್ಟ. "ಶನಿವಾರಕ್ಕೆ ನಂದು ತಗೋ. ಇದು ಸಾವಿರ ಪಾಲು ವಾಸಿ."

ಎಮೆಟ್ ಮೊಣಕಾಲುಗಳ ನಡುವೆ ಇಟ್ಟುಕೊಂಡು ಎಳೆದ. ಸ್ಲೈಡು ಮಿಸುಕಲಿಲ್ಲ. ಹಲ್ಲು ಕಚ್ಚಿ ಮತ್ತೆ ಎಳೆದ. ಕೈ ಜಾರಿ ಗೆಣ್ಣು ತರಚಿತು. ಡ್ವೈಟ್ ಕೈ ಚಾಚಿದ.

"ಮುಟ್ಟಬೇಡ," ಎಂದೆ. "ಕೂತ್ಕೊಂಡು ನೋಡು."

ಇನ್ನೊಂದು ಸಲ ಎಳೆದು ಎಮೆಟ್ ಅದನ್ನು ತಮ್ಮನ ಕಡೆ ತಳ್ಳಿ ನನ್ನತ್ತ ತಿರುಗಿದ. "ಕ್ಲಬ್ಬಿಗೆ ಫೋನ್ ಮಾಡು. ನನ್ನ ಹೆಸರು... ತೆಗೀಲಿ."

ಫೋನು ತಂದು ಡ್ವೈಟನ ಕೈಗೆ ತುರುಕಿದೆ. "ನೀನೇ ಮಾಡು. ಯಾಕೆ ಅಂತಾನೂ ಹೇಳು."

ಮಾಡಿದ. ಆ ಕಡೆಯವರು ಕಾರಣ ಕೇಳಿರಬೇಕು. ನನ್ನ ಮುಖ ನೋಡಿದ, ಗೋಡೆ ನೋಡಿದ. ಕೊನೆಗೆ, "ಪಾಪ, ಅಣ್ಣನಿಗೆ ಕೈ ಆಗ್ತಿಲ್ಲ," ಎಂದ.

ಎಮೆಟ್ ತನ್ನ ಎಡಗೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡ.

ಫೋನು ಕಿತ್ತುಕೊಂಡೆ. "ಅವನ ಕೈ ಚೆನ್ನಾಗೇ ಇದೆ," ಎಂದು ಕೂಗಿದೆ. "ನಿಮ್ಮ ಮೇಷ್ಟ್ರು ಕೇಳದೆ ಟ್ರಿಗರ್ ಎಳೆದು ಪಿನ್ ಮುರಿದಿದ್ದಾನೆ. ಹಾಗಂತ ಬರ್ಕೊಳ್ಳಿ!"