ಹೊನ್ನವ್ವ ಉಂಡದ್ದು

“ಬಗಲಾಗ ಕೈ ಹಾಕಿ ಎತ್ರಿ,” ಎಂದರು ಅಯ್ಯನವರು.

ಕರಿಬಸಪ್ಪ ಮಂಡಿಯೂರಿ, ಉಸಿರು ಬಿಗಿಹಿಡಿದು ಹೆಂಡತಿಯ ಹೆಣವನ್ನು ಎತ್ತಿದ. ಜೋಳದ ಚೀಲ ಎತ್ತಿ ಬೆಳೆದ ಮೈ ಅವನದು. ಸತ್ತವರ ಮೈ ಭಾರ ಎಂದು ಕೇಳಿದ್ದರಿಂದ ಜೋರಾಗಿಯೇ ಎತ್ತಿದ್ದ. ಹೊನ್ನವ್ವ ಎಷ್ಟು ಸಲೀಸಾಗಿ ಮೇಲೆದ್ದು ಬಂದಳೆಂದರೆ, ಅವನೇ ಹಿಂದಕ್ಕೆ ವಾಲಿ ಗೋಡೆಗೆ ಬಡಿದುಕೊಂಡ. ಮಗ ಮಲ್ಲೇಶಪ್ಪ ಅಪ್ಪನ ಭುಜ ಹಿಡಿದು ನಿಲ್ಲಿಸಿದ. ಗೋಡೆಯ ಗೂಟಕ್ಕೆ ಬಟ್ಟೆ ಕಟ್ಟಿ, ಹೊನ್ನವ್ವನನ್ನು ಒರಗಿಸಿ ಕೂಡಿಸಿದರು. ಹಣೆಗೆ ವಿಭೂತಿ ಬಿತ್ತು, ಕೊರಳಿಗೆ ಹೂ ಬಿತ್ತು.

ಚಿಕ್ಕೇರೂರಿನಲ್ಲಿ ಕರಿಬಸಪ್ಪನ ಮನೆ ಎಂದರೆ ಉಂಡುಟ್ಟ ಮನೆ ಎಂದೇ ಹೆಸರು. ಯುದ್ಧದ ವರ್ಷಗಳಲ್ಲಿ ಊರೆಲ್ಲ ಕೈ ಬಿಗಿಹಿಡಿದು ಉಂಡರೂ ಈ ಮನೆಯ ಹಗೇವಿನಲ್ಲಿ ಜೋಳ ತೀರಿರಲಿಲ್ಲ, ಎಮ್ಮೆಯ ಹಯನ ತಪ್ಪಿರಲಿಲ್ಲ. ಅಂಥ ಮನೆಯ ಯಜಮಾನಿ ಒಣಗಿ ಕಡ್ಡಿಯಾಗಿ ಸತ್ತಳಲ್ಲ ಎಂದು ಬಂದವರು ಬಾಯಿಯ ಮೇಲೆ ಕೈಯಿಡುತ್ತಿದ್ದರು. ಒಬ್ಬರು ಮಾಟ ಎಂದರು, ಇನ್ನೊಬ್ಬರು ಹಣೆಬರಹ ಎಂದರು. ಕರಿಬಸಪ್ಪ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: ಡಾಕ್ಟರರಿಗೆ ತೋರಿಸಿದ್ದೆ, ಉಣ್ಣುವುದರಲ್ಲಿ ಕೊರತೆ ಇಲ್ಲವೆಂದು ಅವರೇ ಹೇಳಿದ್ದರು. ಆ ಮಾತು ಅವನಿಗೆ ದೊಡ್ಡ ಆಸರೆಯಾಗಿತ್ತು.

*

ಅದು ಹೋದ ಆಷಾಢದ ಮಾತು. ನೀರು ಹೊತ್ತು ಬರುವಾಗ ಹೊನ್ನವ್ವ ಕಟ್ಟೆಯ ಮೇಲೆ ಕುಸಿದು ಕೂತು ಏದುಸಿರು ಬಿಡತೊಡಗಿದ ಮೇಲೆ ಕರಿಬಸಪ್ಪ ಚಕ್ಕಡಿ ಹೂಡಿ ಹಿರೇಕೆರೂರಿನ ದವಾಖಾನೆಗೆ ಕರೆದೊಯ್ದಿದ್ದ. ಡಾಕ್ಟರು ಆಕೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ ಎಂದರು. ಔಷಧಕ್ಕಿಂತ ಮೊದಲು ಊಟ ನೋಡಬೇಕು, ಬರೀ ರೊಟ್ಟಿಯಿಂದ ಆಗುವುದಿಲ್ಲ, ಕಾಳು, ಸೊಪ್ಪು, ಹಾಲು ಮೊಸರು ದಿನಾ ಹೊಟ್ಟೆಗೆ ಬೀಳಬೇಕು ಎಂದು ತಿಳಿಸಿ ಹೇಳಿ, ಕೇಳಿದರು.

“ಮನಿಯಾಗ ಏನೇನು ಉಣ್ತೀರಿ?”

ಹೊನ್ನವ್ವ ಸೆರಗು ಸರಿಮಾಡಿಕೊಂಡು ಗಂಡನ ಮುಖ ನೋಡಿದಳು. ಪರಗಂಡಸಿನ ಎದುರು ತನ್ನ ಊಟದ ಮಾತೆತ್ತುವ ಹೆಂಗಸು ಆಕೆಯಲ್ಲ. ಕರಿಬಸಪ್ಪನಿಗೆ ಹುರುಪು ಬಂತು.

“ನಮ್ಮನಿಯಾಗ ಯಾತಕ್ಕೂ ಕಡಿಮಿ ಇಲ್ರಿ. ಬಿಸಿ ರೊಟ್ಟಿ, ತೊಗರಿಬ್ಯಾಳಿ, ಹೆಸರಕಾಳು. ಹಿತ್ತಲದಾಗ ಮೆಂತೆ, ರಾಜಗಿರಿ ಐತ್ರಿ. ಮೊಸರಿಲ್ದ ಊಟ ಮುಗಿಯಂಗಿಲ್ರಿ.”

ಡಾಕ್ಟರು ಸಂತೋಷಪಟ್ಟರು. ಹೀಗೆ ಉಣ್ಣಿರೆಂದು ಬಂದವರಿಗೆಲ್ಲ ಹೇಳಿ ಸಾಕಾಗಿದೆ, ನಿಮಗೆ ಹೇಳುವುದೇ ಬೇಕಿಲ್ಲ, ಊಟದಲ್ಲಿ ಕೊರತೆ ಇಲ್ಲವೆಂದ ಮೇಲೆ ಬೇರೆ ಏನೋ ಇರಬೇಕು ಎನ್ನುತ್ತ ಕೆಂಪು ನೀರಿನ ಬಾಟಲಿ ಕೊಟ್ಟು ಕಳಿಸಿದರು. ದಾರಿಯುದ್ದಕ್ಕೂ ಕರಿಬಸಪ್ಪ ಗೆಲುವಾಗಿದ್ದ. ನೀನು ಯಾಕೆ ಬಾಯಿಬಿಡಲಿಲ್ಲ ಎಂದು ಹೆಂಡತಿಯನ್ನು ಕೆಣಕಿದ.

“ಮನಿ ಊಟ ಕೇಳಿದ್ರು. ನೀವು ಹೇಳಿದ್ದು ಖರೇನ ಐತೆಲ್ರಿ,” ಎಂದಳು ಹೊನ್ನವ್ವ. ಆಮೇಲೆ ಊರು ಬರುವ ತನಕ ಕಣ್ಣು ಮುಚ್ಚಿಕೊಂಡಿದ್ದಳು.

*

ಮಣ್ಣು ಕೊಟ್ಟು ಬಂದು, ಸ್ನಾನ ಮಾಡಿ, ಗಂಡಸರು ಪಡಸಾಲೆಯಲ್ಲಿ ಉಣ್ಣಲು ಕೂತರು. ಅಡುಗೆ ನೆರೆಮನೆಗಳಿಂದ ಬಂದಿತ್ತು. ತಂಗಿಯ ಆರೈಕೆಗೆಂದು ಯಲವಿಗಿಯಿಂದ ಬಂದಿದ್ದ ಹೊನ್ನವ್ವನ ಅಕ್ಕ ಶಿವಬಸವ್ವ ಬಡಿಸುತ್ತಿದ್ದಳು. ಕರಿಬಸಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟ.

“ಅಷ್ಟು ಹಗುರ ಹ್ಯಾಂಗಾದ್ಲ್ರಿ ಆಕಿ? ಮನಿಯಾಗ ಎಲ್ಲಾ ಇತ್ತಲ್ರಿ,” ಎಂದ.

ಶಿವಬಸವ್ವ ಅವನ ತಾಟಿಗೆ ಮೊಸರು ಹಾಕುತ್ತ ಹೇಳಿದಳು. “ಇತ್ರಿ. ನೀವೆಲ್ಲ ಉಂಡು, ಆಳು ಉಂಡು, ಬಂದವರು ಉಂಡಮ್ಯಾಲೆ ಆಕಿ ಕುಂದರತಿದ್ಲು. ಆವಾಗ ಗಡಿಗ್ಯಾಗ ಏನಿರತೈತಿ? ತಂಗಳ ರೊಟ್ಟಿ, ಒಣಖಾರ, ಪಲ್ಯದ ಬುಡ ಒರಸಿದ್ದು. ನಮ್ಮವ್ವಾನೂ ಹಂಗ ಉಂಡ್ಲು, ನಾನೂ ಹಂಗ ಉಣ್ತೇನಿ.”

ಸಿಟ್ಟಿನಿಂದ ಅಂದ ಮಾತಲ್ಲ ಅದು. ಮಳೆ ಬಂತು, ಹೋಯಿತು ಎನ್ನುವಂತೆ ಹೇಳಿ ಆಕೆ ಮುಂದಿನ ತಾಟಿಗೆ ಸರಿದಳು.

ಮದುವೆಯಾದಂದಿನಿಂದ ಹೊನ್ನವ್ವ ಉಣ್ಣುವುದನ್ನು ಕರಿಬಸಪ್ಪ ಕಂಡೇ ಇರಲಿಲ್ಲ. ಗಂಡಸರ ಕಣ್ಣಿಗೆ ಬೀಳುವಂತೆ ಹೆಂಗಸರು ಉಣ್ಣುವುದು ಆ ಮನೆಯ ರೀತಿಯಲ್ಲ. ಎಮ್ಮೆ ತಿನ್ನದೆ ಎಷ್ಟು ಹಿಂಡಿ ಉಳಿಸಿದೆ ಎಂದು ದಿನಾ ಬಾನಿಯಲ್ಲಿ ಬಗ್ಗಿ ನೋಡುತ್ತಿದ್ದ ಮನುಷ್ಯ ಹೆಂಡತಿಯ ತಾಟು ನೋಡಿರಲಿಲ್ಲ. ಅಂದು ಡಾಕ್ಟರಿಗೆ ಹೇಳಿದ್ದು ತನ್ನ ಊಟ. ಅದು ತಿಳಿದದ್ದೇ ಅವನು ಉಣ್ಣುವ ಕೈಯಲ್ಲೇ ಮುಖ ಮುಚ್ಚಿಕೊಂಡು ಗಳಗಳನೆ ಅತ್ತ. ಪಕ್ಕದವರು, ಅಂತೂ ದುಃಖ ಹೊರಬಿತ್ತಲ್ಲ ಎಂದು ಸಮಾಧಾನಪಟ್ಟರು.

ಅಳು ತಗ್ಗಿದಾಗ ಸೊಸೆ ವೀರವ್ವ ನೆನಪಾದಳು. ತುಂಬು ಬಸುರಿ. ಬೆಳಿಗ್ಗೆ ಹೆಣದ ಕಾಲಿಗೆರಗಿ ಏಳುವಾಗ ಗೋಡೆ ಹಿಡಿದಿದ್ದಳು, ಅವಳ ತುಟಿಯಲ್ಲೂ ಬಣ್ಣವಿರಲಿಲ್ಲ. ಇವಳನ್ನಾದರೂ ಉಳಿಸಿಕೊಳ್ಳಬೇಕು ಎಂದುಕೊಂಡು ಕರಿಬಸಪ್ಪ ಕೈ ತೊಳೆದು ನೇರ ಅಡುಗೆಮನೆಗೆ ಹೋದ.

ಮಾವ ಒಳಗೆ ಬಂದದ್ದು ಕಂಡು ವೀರವ್ವ ಗಡಬಡಿಸಿ ಎದ್ದು, ಸೆರಗು ಮುಂದೆಳೆದುಕೊಂಡು ಒಲೆಯ ಮೂಲೆಗೆ ಸರಿದಳು. ಕರಿಬಸಪ್ಪ ತಾನೇ ತಾಟು ತೆಗೆದು ರೊಟ್ಟಿ, ಬೇಳೆ, ಪಲ್ಯ ಹಾಕಿದ. ಬಡಿಸಿ ಗೊತ್ತಿಲ್ಲದ ಕೈ, ಪಲ್ಯ ಅಂಚು ದಾಟಿ ಚೆಲ್ಲಿತು. ಅದರ ಮೇಲೆಯೇ ಮೊಸರು ಸುರಿದು, ತಾಟನ್ನು ನೆಲಕ್ಕಿಟ್ಟು ಎದುರಿಗೆ ಕೂತ.

“ಉಣ್ಣವ್ವ. ನನ್ನ ಮುಂದ ಉಣ್ಣು.”

ವೀರವ್ವ ಕದಲಲಿಲ್ಲ. ಮಂದಿ ನೋಡುತ್ತಿದ್ದಾರೆ, ಹೊರಗೆ ಬಾ ಎಂದು ಮಲ್ಲೇಶಪ್ಪ ಬಾಗಿಲಿನಿಂದ ಸನ್ನೆ ಮಾಡಿದ. ಕರಿಬಸಪ್ಪ ಸೊಸೆಯನ್ನು ಬೇಡಿಕೊಂಡ, ಗದರಿಸಿದ, ಮತ್ತೆ ಬೇಡಿಕೊಂಡ. ಸೆರಗಿನ ಮರೆಯಲ್ಲಿ ಹುಡುಗಿ ಬಿಕ್ಕತೊಡಗಿದಳು. ಕೊನೆಗೆ ಶಿವಬಸವ್ವನೇ ಬಂದಳು.

“ನೀವು ಕುಂತ್ರ ಆಕಿ ಹ್ಯಾಂಗ ಉಣ್ಣಬೇಕ್ರಿ? ಹೊರಗ ನಡ್ರಿ, ಉಣ್ತಾಳ.”

ಬೇರೆ ದಾರಿ ಇರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ, ಅಡುಗೆಮನೆಗೆ ಬೆನ್ನುಮಾಡಿ ಕೂತ.

ಅಷ್ಟರಲ್ಲಿ ಹಾನಗಲ್ಲಿನಿಂದ ಬೀಗರು ಬಂದಿಳಿದರು. ವೀರವ್ವನ ತಂದೆ, ಅವರ ಅಣ್ಣತಮ್ಮಂದಿರು. ಮಣ್ಣಿಗೆ ಸಿಗಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡರು. ದೂರದಿಂದ ಬಂದವರು, ಹಸಿದವರು. ಮಲ್ಲೇಶಪ್ಪ ಒಳಗೆ ಕೂಗಿ ಹೇಳಿದ. ತಾಟುಗಳು ಬಂದವು. ವೀರವ್ವನ ತಂದೆಯ ಮುಂದೆ ಬಂದ ತಾಟಿನಲ್ಲಿ ಪಲ್ಯ ಅಂಚು ದಾಟಿ ಚೆಲ್ಲಿತ್ತು, ಅದರ ಮೇಲೆ ಮೊಸರು ಸುರಿದಿತ್ತು.

ಬೀಗರು ರೊಟ್ಟಿ ಮುರಿದು, ನೀವು ಉಂಡಿರೇನು ಎಂದು ಕೇಳಿದರು. ಒಳಗಿನಿಂದ ಗಡಿಗೆಯ ತಳ ಕೆರೆಯುವ ಸದ್ದು ಕೇಳಿಸುತ್ತಿತ್ತು. ಕರಿಬಸಪ್ಪ ಎದ್ದು ಅಡುಗೆಮನೆಯತ್ತ ನಡೆದ. ಹೆಜ್ಜೆಯ ಸಪ್ಪಳಕ್ಕೆ ಒಳಗಿನ ಸದ್ದು ನಿಂತಿತು.