ಬಯ್ಯಪ್ಪನ ಕಣ್ಣೀರು

ಹುಳುಮನೆಯ ಬಾಗಿಲು ತಳ್ಳಿದ ವರಲಕ್ಷ್ಮಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹೊಸ ಸೊಪ್ಪನ್ನು ಸರಸರ ಮೇಯುತ್ತಿರಬೇಕಾದ ರೇಷ್ಮೆ ಹುಳುಗಳು ತಲೆಯೆತ್ತಿ ಅತ್ತಿತ್ತ ಒದ್ದಾಡುತ್ತಿದ್ದವು. ಕೆಲವು ಆಗಲೇ ಹಸಿರು ನೀರು ಕಕ್ಕಿ ಮುದುಡಿಕೊಂಡಿದ್ದವು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಾದ ಹುಳುಗಳು ಅವು. ಜಂಗಮಕೋಟೆಯಲ್ಲೇ ಇಂಥ ಬೆಳೆ ಇಲ್ಲವೆಂದು ನಿನ್ನೆ ತಾನೇ ನಾಲ್ಕು ಜನ ಹೊಗಳಿ ಹೋಗಿದ್ದರು.

"ಯಾರ ಹಾಳು ಕಣ್ಣು ಬಿತ್ತೋ ದೇವುಡಾ!" ಎಂದು ಅವಳು ಉಪ್ಪು ಮೆಣಸಿನಕಾಯಿ ತರಲು ಓಡಿದಳು.

ಸೊಸೆ ಮೌನಿಕಾ ಒಂದು ಎಲೆ ಎತ್ತಿ ಮೂಸಿದಳು. "ಕಣ್ಣೂ ಇಲ್ಲ, ದೃಷ್ಟೀನೂ ಇಲ್ಲ ಅತ್ತೆ. ಔಷ್ಧಿ ವಾಸ್ನೆ. ಪಕ್ಕದ ಟೊಮ್ಯಾಟೋ ತೋಟಕ್ಕೆ ಬೆಳಿಗ್ಗೆ ಹೊಡೀತಿದ್ರು. ಗಾಳಿ ನಮ್ ಕಡೇಗೇ ಇತ್ತು."

ಬೆಳಿಗ್ಗೆ ಅದೇ ಹೊತ್ತಿನಲ್ಲಿ ಸೊಪ್ಪು ಕೊಯ್ದು, ತೊಟ್ಟಿಕ್ಕುವ ಹೊರೆಯನ್ನು ಹೆಗಲ ಮೇಲೆ ಹೊತ್ತು ತಂದವನು ವರಲಕ್ಷ್ಮಮ್ಮನ ಗಂಡ ಬಯ್ಯಪ್ಪ. ಆದರೆ ಆ ಗಡಿಬಿಡಿಯಲ್ಲಿ ಹೊತ್ತವನ ಯೋಚನೆ ಯಾರಿಗೆ ಬರಬೇಕು? ಅತ್ತೆ ಸೊಸೆ ಇಬ್ಬರೂ ಸೊಪ್ಪು ಬಾಚಿ ತೆಗೆಯುವುದರಲ್ಲಿ, ಬದುಕಿದ ಹುಳು ಬೇರೆ ಮಾಡುವುದರಲ್ಲಿ ಮುಳುಗಿಹೋದರು.

ಬಯ್ಯಪ್ಪ ಜಗುಲಿಯ ಮೇಲೆ ಕೂತಿದ್ದ. ಕಣ್ಣಿಂದ ಧಾರಾಕಾರ ನೀರು. ಹೆತ್ತ ತಾಯಿಗೆ ಕೊಳ್ಳಿ ಇಟ್ಟಾಗಲೂ ಒಂದು ಹನಿ ಸುರಿಸದ ಗಂಡಸು! ಸೊಪ್ಪಿನ ಬುಟ್ಟಿ ಹೊತ್ತು ಹೊರಗೆ ಬಂದ ವರಲಕ್ಷ್ಮಮ್ಮನಿಗೆ ಸಂಕಟಕ್ಕಿಂತ ಮೊದಲು ಸಿಟ್ಟೇ ಬಂತು.

"ಹೆಂಗಸರ ಥರ ಅಳ್ತಾ ಕೂತ್ರೆ ಹುಳ ಬದುಕ್ತಾವಾ? ಎದ್ದು ಬನ್ನಿ ಒಳಗೆ!"

ಅವನು ಏಳಲಿಲ್ಲ. ಅಕ್ಕಪಕ್ಕದವರು ಬಂದು, ಬೆನ್ನು ಸವರಿ, ಪಾಪ ಎಂದು ಲೊಚಗುಟ್ಟಿ ಹೋದರು. ವರಲಕ್ಷ್ಮಮ್ಮ ಇನ್ನೊಂದು ಬುಟ್ಟಿ ಹೊತ್ತು ಹೊರಬಂದಾಗಲೂ ಅವನು ಹಾಗೇ ಕೂತಿದ್ದ. ಕೊನೆಗೆ ಮನಸ್ಸು ತಡೆಯದೆ ಅವಳು ಒಂದು ಚೊಂಬು ನೀರು ತಂದು ಕೈಗಿಟ್ಟಳು. ಚೊಂಬು ಜಾರಿ ಬಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ತೋಳಿನ ಮಾಂಸ ಚರ್ಮದಡಿಯಲ್ಲಿ ತಾನೇ ತಾನಾಗಿ ಮಿಡುಕುತ್ತಿತ್ತು. ಚೊಂಬು ಎತ್ತಲು ಬಗ್ಗಿದವಳ ಮೂಗಿಗೆ ಅವನ ಒದ್ದೆ ಅಂಗಿಯಿಂದ ಅದೇ ವಾಸನೆ ಹೊಡೆಯಿತು.

"ಮೌನಿಕಾ! ಹುಳ ಬಿಟ್ಟಾಕು! ಆಟೋ ವೇಣುನ ಕರಿ!"

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಿಯಂವದಾ ಅವನ ಕಣ್ಣಿಗೆ ಟಾರ್ಚ್ ಹಿಡಿದರು. ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. "ವಿಷ ಎಷ್ಟು ಕುಡಿದಿದ್ದಾರೆ?" ಎಂದರು.

"ಬೆಳೆ ಹೋಯ್ತಂತೆ," ಎಂದು ನರ್ಸ್ ಮೆಲ್ಲಗೆ ಹೇಳಿದ್ದು ವರಲಕ್ಷ್ಮಮ್ಮನಿಗೂ ಕೇಳಿಸಿತು. ತಾನು ಬೈದು ಒಳಗೆ ಹೋದ ಮೇಲೆ ಇವನು ಎದ್ದು ಎಲ್ಲಿಗಾದರೂ ಹೋಗಿದ್ದನೆ? ಆ ಒಂದು ಮಾತಿಗೆ ಹೀಗೆ ಮಾಡಿಕೊಂಡನೆ? ಆದರೂ ಅವನ ಹೆಗಲು ಹಿಡಿದೇ ಹೇಳಿದಳು:

"ಕುಡಿದಿಲ್ಲ ಡಾಕ್ಟರಮ್ಮ. ಹುಳ ಸಾಕೋ ಮನೇಲಿ ಔಷ್ಧಿ ಡಬ್ಬ ಇಡೋದೇ ಇಲ್ಲ. ಈ ಅಂಗಿ ಮೂಸಿ ನೋಡಿ."

ಡಾಕ್ಟರ್ ಬಗ್ಗಿ ಮೂಸಿದರು. ಮರುಕ್ಷಣವೇ ಅಂಗಿಗೆ ಕತ್ತರಿ ಬಿತ್ತು. ಸೋಪು ಹಾಕಿ ಮೈ ತೊಳೆದರು, ಮೇಲಿಂದ ಮೇಲೆ ಇಂಜೆಕ್ಷನ್ ಕೊಟ್ಟರು. ಆಮೇಲೆ ಡಾಕ್ಟರ್ ಹೊರಗೆ ಬಂದು ಅವಳ ಪಕ್ಕ ನಿಂತರು.

"ಮೆದುಳಿಂದ ಬೆನ್ನುಹುರಿಗೆ, ಅಲ್ಲಿಂದ ಮೈಗೆಲ್ಲಾ ನರ ಹರಡಿರುತ್ತಮ್ಮ. ನರದ ತುದೀಲಿ ಒಂದು ರಸ ಬಿಡುಗಡೆ ಆಗಿ, ಮಾಂಸಕ್ಕೆ ಬಿಗಿಯಾಗು ಅಂತ, ಕಣ್ಣಿಗೆ ನೀರು ಸುರಿಸು ಅಂತ ಹೇಳುತ್ತೆ. ಹೇಳಿದ ತಕ್ಷಣ ಆ ರಸ ಅಳಿಸಿಹೋಗ್ಬೇಕು. ಈ ವಿಷ ಅಳಿಸೋಕೇ ಬಿಡಲ್ಲ. ನರ ಹೇಳಿದ್ದು ನಿಲ್ಲೋದೇ ಇಲ್ಲ. ನಿಮ್ಮ ಹುಳಕ್ಕೆ ಆಗಿದ್ದೂ ಇದೇ."

"ಹಂಗಾದ್ರೆ... ಇವರು ಅಳ್ತಿರ್ಲಿಲ್ವಾ?"

"ಇಲ್ಲಮ್ಮ. ಅದು ವಿಷದ ಕೆಲಸ. ಉಸಿರಾಡೋ ಮಾಂಸಖಂಡ ಸೋಲದಿದ್ರೆ ಸಾಕು. ಬೆಳಿಗ್ಗೆವರೆಗೂ ಕಾಯ್ಬೇಕು."

ಅವನು ಸಾಯುತ್ತಾ ಕೂತಿದ್ದಾಗ ತಾನು ಬುಟ್ಟಿ ಹೊತ್ತು ಅವನ ಮುಂದೆಯೇ ಓಡಾಡಿದ್ದೆ ಎಂಬುದು ವರಲಕ್ಷ್ಮಮ್ಮನನ್ನು ಕಿತ್ತು ತಿಂದಿತು. ಬೆಳಗಾಗುವವರೆಗೂ ಅವನ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತಳು. ಒಂದು ಉಸಿರು ತಡವಾದರೆ ಇವಳ ಉಸಿರೂ ನಿಲ್ಲುತ್ತಿತ್ತು.

ಬಿಸಿಲು ಕಿಟಕಿಗೆ ಬಂದಾಗ ಬಯ್ಯಪ್ಪ ಕಣ್ಣು ಬಿಟ್ಟ. ನಾಲಿಗೆ ಒಣಗಿತ್ತು. "ಹುಳ?" ಎಂದ.

ಸುಳ್ಳು ಹೇಳಬೇಕೆಂದುಕೊಂಡಿದ್ದಳು. ಬಾಯಿ ಬರಲಿಲ್ಲ. "ಎಲ್ಲಾ ಹೋದ್ವು ರೀ."

ಅವನ ಮುಖ ಕಿವಿಚಿಕೊಂಡಿತು. ಎದೆ ಎಗರಿತು, ಗಂಟಲಿಂದ ಏನೋ ಸದ್ದು ಹೊರಟಿತು.

"ಡಾಕ್ಟರಮ್ಮಾ! ಉಸಿರು ಕಟ್ತಾ ಐತೆ, ಬನ್ನಿ!" ವರಲಕ್ಷ್ಮಮ್ಮ ಕಿರುಚಿಕೊಂಡಳು.

ಡಾಕ್ಟರ್ ಓಡಿ ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಕಣ್ಣು ಬಿಡಿಸಿ ನೋಡಿದರು. ಕಣ್ಣು ಒಣಗಿ ಕೆಂಪಾಗಿತ್ತು.

"ಉಸಿರು ಚೆನ್ನಾಗೇ ಇದೆಯಮ್ಮ. ನಮ್ಮ ಇಂಜೆಕ್ಷನ್ ಕಣ್ಣೀರು ಒಣಗಿಸಿಬಿಟ್ಟಿದೆ. ಅವರು ಅಳ್ತಿದ್ದಾರೆ, ಅಷ್ಟೇ."

ವರಲಕ್ಷ್ಮಮ್ಮ ಮಂಚದ ಅಂಚಿಗೆ ಕುಸಿದು ಕೂತಳು. ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಅಳ್ರೀ," ಎಂದಳು. "ನಾನೇನೂ ಅನ್ನಲ್ಲ."