ಎರಡು ಬೆರಳಿನಷ್ಟು ಹತ್ತಿ

"ಕೈ ಜೇಬಿಂದ ಆಚೆ ತೆಗಿಯೋ, ಬೋಳಿಮಗನೆ! ದೊಡ್ಡೋರ ಮುಂದೆ ಹಿಂಗೇನಾ ನಿಲ್ಲೋದು? ನೀನೇನು ಅವರಿಗೆ ಬೀಗನಾ?"

ನನ್ನ ಗಂಡ ಎಡಗೈಯನ್ನು ಪ್ಯಾಂಟಿನ ಜೇಬಿನಿಂದ ಹೊರಗೆ ತೆಗೆದ. ಮ್ಯಾನೇಜರ್ ಅದನ್ನು ನೋಡಿದವನೇ ಮುಖ ಹಿಂಡಿಕೊಂಡ.

"ಥೂ! ಹಾಕ್ಕೋ ಒಳಗೆ. ಹಾಕ್ಕೊಳೋ!"

ಗಂಡ ಮತ್ತೆ ಜೇಬಿಗೆ ಹಾಕಿಕೊಂಡ. ನಾನು ಲದ್ದಿ ತುಂಬಿದ ಕೈಗಾಡಿ ಹಿಡಿದು ಲಾಯದ ಬಾಗಿಲಲ್ಲೇ ನಿಂತಿದ್ದೆ. ತಡೆಯಲಾಗಲಿಲ್ಲ.

"ಮತ್ತೆಲ್ಲಿಡ್ಬೇಕು ಸಾರ್ ಅದನ್ನ? ಮನೇಲಿ ಬಿಟ್ಟು ಬರೋಕಾಗುತ್ತಾ?"

"ನಿನ್ನ ಯಾರೇ ಕೇಳಿದ್ದು, ಮುಂಡೆ? ಬಾಯಿ ಮುಚ್ಕೊಂಡು ಲದ್ದಿ ಬಾಚು."

ಗಂಡ ಎದುರಿಗೇ ನಿಂತಿರುವಾಗ ನನ್ನನ್ನು ಮುಂಡೆ ಮಾಡಿದ. ಐದು ವರ್ಷದಿಂದ ದಿನಕ್ಕೆ ಎರಡು ಸಲವಾದರೂ ಮಾಡುತ್ತಿದ್ದಾನೆ. ನಾನು ಕೈಗಾಡಿ ತಳ್ಳಿಕೊಂಡು ಗುಂಡಿಯ ಕಡೆ ಹೋದೆ.

ಇದು ಮಾರನೇ ದಿನದ ತಾಲೀಮು. ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಅಳಿಯನನ್ನು ಕೊಳ್ಳುವವರು ಬರುವುದಿತ್ತು. ನನ್ನ ಗಂಡ ಅವನನ್ನು ಹೊರಗೆ ತಂದು, ಅಂಗಳದಲ್ಲಿ ಎರಡು ಸುತ್ತು ನಡೆಸಿ, ಧಣಿಗಳ ಪಕ್ಕ ನಿಲ್ಲಿಸಬೇಕು.

ಅಳಿಯ ಎಂದರೆ ಕುದುರೆ. ಲಾಯದ ಬಾಗಿಲಿಗೆ ಹೊಡೆದ ಹಿತ್ತಾಳೆಯ ಹಲಗೆಯಲ್ಲಿ ಅವನಿಗೆ ನಾಲ್ಕು ಪದದ ಹೆಸರಿದೆ, ಅದು ನಮ್ಮ ನಾಲಿಗೆಗೆ ಬಗ್ಗುವುದಿಲ್ಲ. ನಿಂತಲ್ಲಿಗೇ ಮೇವು, ನಿಂತಲ್ಲೇ ಸ್ನಾನ, ಮೂಗು ಸೀಟಿದರೆ ಊರೆಲ್ಲ ಓಡಿಬರುವುದು, ಇದನ್ನೆಲ್ಲ ನೋಡಿ ನಾನಿಟ್ಟ ಹೆಸರು ಅದು. ಹನ್ನೊಂದು ರೇಸು ಗೆದ್ದ. ಆಮೇಲೆ ಮುಂಗಾಲಿನ ನರ ಊದಿಕೊಂಡಿತು, ಓಟ ಮುಗಿಯಿತು. ಮನುಷ್ಯನಾಗಿದ್ದರೆ ಕಾಲು ಕೆಟ್ಟ ದಿನವೇ ಬೀದಿಗೆ ಬರುತ್ತಿದ್ದ. ಅವನಿಗೆ ಹಾಗಲ್ಲ, ಅವನ ಬೀಜಕ್ಕೆ ಬೆಲೆಯಿದೆ. ಎರಡು ದಿನದ ದಾರಿಯ ಆಚೆ ಒಂದು ತಳಿ ಫಾರಮ್ಮು, ಅವನೊಬ್ಬನಿಗೇ ಹದಿನೈದು ಎಕರೆ ಹುಲ್ಲು, ಸೀಸನ್ನಿಗೆ ನೂರು ಹೆಣ್ಣು ಕುದುರೆ. ನಾನು ತಮಾಷೆಗೆ ಇಟ್ಟ ಹೆಸರು ನಿಜವೇ ಆಗಿಬಿಟ್ಟಿತ್ತು.

ನಾನು ಐದನೇ ಕ್ಲಾಸಿನವರೆಗೆ ಓದಿದವಳು. ಆಫೀಸಿನ ಕಸ ಗುಡಿಸುವಾಗ ಮೇಜಿನ ಮೇಲಿದ್ದ ಮಾರಾಟದ ಕಾಗದವನ್ನು ಓದಿಕೊಂಡಿದ್ದೆ. ಅವನ ಅಪ್ಪ, ಅಜ್ಜ, ಮುತ್ತಜ್ಜ, ಅವರ ತಾಯಂದಿರು, ಹೀಗೆ ಏಳು ತಲೆಮಾರಿನ ಹೆಸರು. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ಕಚ್ಚುವ, ಒದೆಯುವ ಚಾಳಿ — ಇಲ್ಲ. ಅದರ ಕೆಳಗೆ ಡಾಕ್ಟರ ಸಹಿ.

ನಾಲ್ಕು ತಿಂಗಳ ಹಿಂದೆ ಆ ಇಲ್ಲದ ಚಾಳಿಯೇ ನನ್ನ ಗಂಡನ ಎಡಗೈಯ ಕಿರುಬೆರಳನ್ನೂ ಉಂಗುರದ ಬೆರಳನ್ನೂ ಬುಡಸಮೇತ ತೆಗೆದುಕೊಂಡು ಹೋಗಿತ್ತು. ಅವನು ಅಳಿಯನ ಗಲ್ಲದ ಕೆಳಗೆ ಸರಪಳಿ ಸಿಕ್ಕಿಸುತ್ತಿದ್ದ. ಬೇರೆ ಕುದುರೆಗಳು ಕಚ್ಚುವ ಮೊದಲು ಕಿವಿಯನ್ನು ಹಿಂದಕ್ಕೆ ಮಡಚುತ್ತವೆ. ಕುದುರೆ ನೋಡಿಕೊಳ್ಳುವ ಸೈಸನಾದವನ ಕೈ ಎಲ್ಲಿದ್ದರೂ ಕಣ್ಣು ಕುದುರೆಯ ಕಿವಿಯ ಮೇಲೇ ಇರುತ್ತದೆ. ಆದರೆ ಅಳಿಯ ಕಿವಿ ಮಡಚುವುದಿಲ್ಲ. ಎರಡನ್ನೂ ಮುಂದಕ್ಕೆ ನೆಟ್ಟಗಿಟ್ಟುಕೊಂಡು, ಯಾರೋ ನೆಂಟರು ಬಂದರೇನೋ ಎಂದು ನೋಡುವವನ ಹಾಗೆ ನೋಡುತ್ತಲೇ ಬಾಯಿ ಹಾಕುತ್ತಾನೆ.

ಅವತ್ತು ಡಾಕ್ಟರು ಓಡೋಡಿ ಬಂದರು. ಕುದುರೆಯ ಡಾಕ್ಟರು. ಮೂಳೆ ಚುಚ್ಚಿ ಒಸಡಿಗೆ ಗಾಯವಾಗಿದೆಯೇನೋ ಎಂದು ಟಾರ್ಚು ಬಿಟ್ಟು ಅಳಿಯನ ಬಾಯಿಯನ್ನೆಲ್ಲ ನೋಡಿದರು. ನನ್ನ ಗಂಡ ಕೈಗೆ ಟವೆಲು ಸುತ್ತಿಕೊಂಡು ನೀರಿನ ತೊಟ್ಟಿಯ ಪಕ್ಕ ಕೂತಿದ್ದ. ಆಸ್ಪತ್ರೆಯ ಚೀಟಿಯಲ್ಲಿ 'ಬಾಗಿಲಿಗೆ ಸಿಕ್ಕಿ' ಎಂದು ಬರೆಸಿದವನು ಮ್ಯಾನೇಜರ್. ಧಣಿಗಳ ಮಾತನ್ನು ತಂದು ಹೇಳಿದವನೂ ಅವನೇ: ಕುದುರೆ ಸಲೀಸಾಗಿ ಮಾರಾಟವಾದರೆ ಗಂಡನಿಗೆ ಗೇಟು ಕಾಯುವ ಕೆಲಸ, ಇರಲು ಇದೇ ಕೋಣೆ. ಬಾಯಿ ಬಿಟ್ಟರೆ ಅವತ್ತೇ ಗಂಟುಮೂಟೆ.

ಗುಂಡಿಗೆ ಲದ್ದಿ ಸುರಿದು ವಾಪಸ್ಸು ಬಂದಾಗ ಮ್ಯಾನೇಜರ್ ನನ್ನ ಮುಂದೆ ಒಂದು ಜೊತೆ ಚರ್ಮದ ಗ್ಲೌಸು ಎಸೆದ. ಧಣಿಗಳು ಹಾಕಿಕೊಂಡು ಬಿಟ್ಟಿದ್ದು.

"ಎಡಗಡೇದಕ್ಕೆ ಎರಡು ಬೆರಳು ಹತ್ತಿ ತುಂಬಿ ಹೊಲಿ. ನೋಡಿದೋರಿಗೆ ಕೈ ಕೈ ಥರ ಕಾಣ್ಬೇಕು."

*

ನಮ್ಮ ಕೋಣೆ ಲಾಯದ ಸಾಲಿನ ಕೊನೆಯದು. ಒಂದು ಗೋಡೆಯ ಆಚೆ ಅಳಿಯ, ಈಚೆ ನಾವು. ಅವನು ಗೋಡೆಗೆ ಒದ್ದರೆ ನಮ್ಮ ಪಾತ್ರೆಗಳು ಅಲುಗುತ್ತವೆ. ನಾನು ಬಾಗಿಲ ಬೆಳಕಿಗೆ ಕೂತು ಹಳೇ ದಿಂಬು ಬಿಚ್ಚಿ ಹತ್ತಿ ತೆಗೆದೆ. ಗಂಡ ಆ ಎಂಟಡಿ ಜಾಗದಲ್ಲೇ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡಾಡುತ್ತಿದ್ದ.

"ಒಂದು ಕಡೆ ಕೂತ್ಕೋ ಕಣಯ್ಯ. ನಂಗೆ ತಲೆ ತಿರುಗುತ್ತೆ."

ಕೂತ. ಮತ್ತೆ ಎದ್ದ. ನಾನು ಅವನ ಬಲಗೈ ಎಳೆದುಕೊಂಡು ಆ ಕಿರುಬೆರಳಿನ ಅಳತೆಗೆ ಹತ್ತಿ ಸುತ್ತಿದೆ.

"ಉಂಗುರದ ಬೆರಳು ತೀರಾ ದಪ್ಪ ಮಾಡ್ಬೇಡ ಕಣೇ," ಎಂದ. "ಆಮೇಲೆ ಉಂಗುರ ಮಾಡಿಸೋಕೆ ಚಿನ್ನ ಜಾಸ್ತಿ ಬೇಕಾಗುತ್ತೆ."

ನನಗೆ ನಗು ಬಂತು. ನಗುತ್ತಿದ್ದ ಹಾಗೆಯೇ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಎರಡನ್ನೂ ನುಂಗಿದೆ.

ಅವನು ಗೋಡೆಗೆ ಒರಗಿ ನಿಂತ. "ನಾಳೆ ಅವರ ಕಡೆ ಸೈಸ ಬರ್ತಾನಂತೆ, ಲಾರಿ ಜೊತೆ. ಇನ್ಮೇಲೆ ಇವನನ್ನ ನೋಡ್ಕೊಳೋನು ಅವನೇ."

"ಬರ್ಲಿ."

"ಅವನು ಕೇಳ್ದೆ ಇರಲ್ಲ, ಬಾಯಿ ಹಾಕ್ತಾನಾ ಅಂತ. ಸೈಸ ಸೈಸನ್ನ ಕೇಳೋ ಮೊದಲನೇ ಮಾತೇ ಅದು. ಏನ್ ಹೇಳೋದು?"

"ಬೆಣ್ಣೆಯಂಥವನು ಅನ್ನು."

"ನಾಳೆ ಅವನ ಕೈನೂ..."

"ಯಾರದ್ದೋ ಕೈ ಕಟ್ಕೊಂಡು ನಮ್ಗೇನಯ್ಯ?" ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಕೈ ಹೋದಾಗ ಯಾರು ಬಂದು ಕೇಳಿದ್ರು? ಈ ಗೋಡೆ ಉಳೀಬೇಕಾ ಬೇಡ್ವಾ, ಅಷ್ಟು ಹೇಳು."

ನಾನು ದಾರ ಕಚ್ಚಿ ತುಂಡು ಮಾಡಿ ಗ್ಲೌಸನ್ನು ಅವನ ಕೈಗೆ ಏರಿಸಿದೆ. ಆ ಎರಡು ಬೆರಳುಗಳು ಸ್ವಲ್ಪ ಸೆಟೆದುಕೊಂಡಿದ್ದವು. ದೂರದಿಂದ ನೋಡಿದರೆ ಕೈ ಕೈಯ ಹಾಗೇ ಕಾಣುತ್ತಿತ್ತು.

*

ಬೆಳಿಗ್ಗೆ ಏಳಕ್ಕೇ ಲಾರಿ ಬಂತು. ಒಳಗೆ ನಾಲ್ಕೂ ಕಡೆ ಮೆತ್ತೆ ಹೊಡೆಸಿದ್ದರು, ಎರಡು ಫ್ಯಾನು ಇದ್ದವು. ಜೊತೆಗೆ ಬಂದ ಸೈಸನಿಗೆ ನಲವತ್ತು ದಾಟಿರಬಹುದು. ಬಾಯಿ ತುಂಬ ಮಾತಿನವನು. ಬಂದವನೇ ನನ್ನನ್ನು ಅಕ್ಕಾ ಎಂದ, ಗಂಡನನ್ನು ಅಣ್ಣಾ ಎಂದ, ಚಹಾ ಇದೆಯಾ ಎಂದು ಕೇಳಿ ಎರಡು ಲೋಟ ಕುಡಿದ.

ಅಷ್ಟರಲ್ಲಿ ಡಾಕ್ಟರು ಕೊಟ್ಟ ಬಿಳಿ ಪುಡಿಯನ್ನು ನಾನೇ ಅಳಿಯನ ಮೇವಿಗೆ ಕಲೆಸಿ ಮುಗಿದಿತ್ತು. "ಮಧ್ಯಾಹ್ನದ ತನಕ ಕಲ್ಲಿನ ಹಾಗೆ ನಿಂತಿರ್ತಾನೆ," ಎಂದಿದ್ದ ಮ್ಯಾನೇಜರ್. ಹಾಗೇ ನಿಂತಿದ್ದ, ಕೆಳದುಟಿ ಜೋತುಬಿಟ್ಟುಕೊಂಡು.

ಹೊಸ ಸೈಸ ಬಾಚಣಿಗೆ, ದಾರ ತೆಗೆದು ಅಳಿಯನ ಕತ್ತಿನ ಕೂದಲಿಗೆ ಜಡೆ ಹಾಕತೊಡಗಿದ. ಹತ್ತು ಬೆರಳುಗಳು ಎಲ್ಲಿ ಹೋಗುತ್ತವೆ ಎಲ್ಲಿ ಬರುತ್ತವೆ ಎಂದು ಕಣ್ಣಿಗೆ ಸಿಗುತ್ತಿರಲಿಲ್ಲ. ನನ್ನ ಗಂಡನೂ ಹಾಗೇ ಹಾಕುತ್ತಿದ್ದ. ಈಗ ಪಕ್ಕದಲ್ಲಿ ನಿಂತು ಅವನ ಬೆರಳುಗಳನ್ನೇ ನೋಡುತ್ತಿದ್ದ. ನಾನು ಗಂಡನನ್ನು ನೋಡುತ್ತ, ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದೆ.

"ನನ್ನ ಮಗಳಿಗೂ ನಾನೇ ಅಣ್ಣ ಜಡೆ ಹಾಕೋದು," ಎಂದ ಹೊಸ ಸೈಸ. "ಅವರಮ್ಮ ಹಾಕಿದ್ರೆ ಸ್ಕೂಲಿಗೆ ಹೋಗೋದ್ರಲ್ಲೇ ಬಿಚ್ಚೋಗುತ್ತಂತೆ. ಅಪ್ಪಂದೇ ಬೇಕು ಅಂತ ಹಟ." ಒಂದು ಗಂಟು ಬಿಗಿದ. "ಅಲ್ಲಣ್ಣ, ಇವನಿಗೆ ಬಾಯಿ ಹಾಕೋ ಚಾಳಿ ಇದ್ಯಾ?"

ನನ್ನ ಪೊರಕೆ ನಿಂತಿತು.

"ಇಲ್ಲಪ್ಪ," ಎಂದ ನನ್ನ ಗಂಡ. "ಬೆಣ್ಣೆಯಂಥವನು."

"ಇದ್ರೂ ಪರವಾಗಿಲ್ಲ ಬಿಡು. ಕಿವಿ ನೋಡ್ಕೊಂಡೇ ಇಪ್ಪತ್ತು ವರ್ಷ ತಳ್ಳಿದೀನಿ. ಕಿವಿ ಹೇಳ್ಬಿಡುತ್ತೆ." ಆಮೇಲೆ ನಕ್ಕ. "ಇದೇನಣ್ಣ, ಇಷ್ಟು ಸೆಕೆಲಿ ಗ್ಲೌಸು?"

"ಧಣಿಗಳು ಕೊಟ್ಟಿದ್ದು."

"ಪುಣ್ಯ ಮಾಡಿದೀಯ. ನಮ್ಮೋರು ಒಂದು ಬನಿಯನ್ನೂ ಕೊಡಲ್ಲ."

ಗಂಡ ಬಲಗಡೆಗೆ ನಡೆದ, ಅಲ್ಲಿ ಏನೂ ಕೆಲಸವಿರಲಿಲ್ಲ, ಮತ್ತೆ ಎಡಗಡೆಗೆ ಬಂದ. ನಾನು ಖಾಲಿ ಲೋಟಗಳನ್ನು ತೊಳೆಯಲು ಹೋದೆ. ತೊಳೆದವನ್ನೇ ಇನ್ನೊಂದು ಸಲ ತೊಳೆದೆ.

*

ಹತ್ತಕ್ಕೆ ಬರಬೇಕಾದವರು ಹನ್ನೆರಡೂ ಕಾಲಾದರೂ ಬಂದಿರಲಿಲ್ಲ. ಅಳಿಯನ ಕೆಳದುಟಿ ಮೇಲಕ್ಕೆ ಸೇರಿತು. ಮುಂಗಾಲಿನಿಂದ ನೆಲ ಕೆರೆಯತೊಡಗಿದ. ಮ್ಯಾನೇಜರ್ ಗೇಟಿಗೂ ಲಾಯಕ್ಕೂ ತಿರುಗಿ ತಿರುಗಿ ಅಂಗಿಯೆಲ್ಲ ಬೆವರು ಮಾಡಿಕೊಂಡ. ಕೊನೆಗೆ ಕಾರು ಬಂತು. ಕೊಳ್ಳುವ ಯಜಮಾನಿ ಕಪ್ಪು ಕನ್ನಡಕ ಹಾಕಿಕೊಂಡಿದ್ದಳು. ನಮ್ಮ ಧಣಿ ತಾನೇ ಓಡಿಹೋಗಿ ಕಾರಿನ ಬಾಗಿಲು ತೆಗೆದ.

ಅಂಗಳದಲ್ಲಿ ಮೇಜು ಹಾಕಿ ಕಾಗದಗಳನ್ನು ಇಟ್ಟಿದ್ದರು. ಗಂಡ ಬಲಗೈಯಲ್ಲಿ ಹಗ್ಗ ಹಿಡಿದು ಅಳಿಯನನ್ನು ಎರಡು ಸುತ್ತು ನಡೆಸಿದ. ಯಜಮಾನಿ ಅಳಿಯನ ಮುಂಗಾಲು ಸವರಿದಳು, ಹಿಂದೆ ಹೋಗಿ ಬಗ್ಗಿ ನೋಡಿದಳು, ತೃಪ್ತಿಯಿಂದ ತಲೆದೂಗಿದಳು.

"ರಕ್ತದ ಮಾತೇ ಬೇಡ ಮೇಡಂ," ಎಂದ ಧಣಿ. "ಏಳು ತಲೆಮಾರಲ್ಲಿ ಒಂದು ಕಲಬೆರಕೆ ಇಲ್ಲ."

"ಗುಣ?"

"ಅವನ ಸೈಸನ್ನೇ ಕೇಳಿ. ಐದು ವರ್ಷದಿಂದ ಜೊತೇಲೇ ಇದ್ದಾನೆ."

ಯಜಮಾನಿ ನನ್ನ ಗಂಡನ ಕಡೆ ತಿರುಗಿದಳು. ಮ್ಯಾನೇಜರ್ ಅವನ ಬೆನ್ನ ಹಿಂದೆಯೇ ನಿಂತಿದ್ದ.

"ಒಳ್ಳೇವನು, ಅಮ್ಮ," ಎಂದ ಗಂಡ. ಅವನು ನೆಲ ನೋಡುತ್ತಿದ್ದ.

"ಅತ್ತ ಸಹಿ ಆಗ್ತಿರ್ಲಿ, ಇತ್ತ ಲಾರಿಗೆ ಹತ್ತಿಸ್ಬಿಡೋಣ," ಎಂದು ಮ್ಯಾನೇಜರ್ ಅವಸರ ಮಾಡಿದ. ಪುಡಿಯ ಮತ್ತು ಇಳಿಯುತ್ತಿದ್ದುದು ಅವನಿಗೂ ಕಂಡಿತ್ತು. ಗಂಡನ ಕೈಯಿಂದ ಹಗ್ಗ ಕಿತ್ತು ಹೊಸ ಸೈಸನಿಗೆ ಕೊಟ್ಟ. ಯಜಮಾನಿ ಪೆನ್ನಿನ ಮುಚ್ಚಳ ತೆಗೆದಳು.

ಹೊಸ ಸೈಸ ಅಳಿಯನ ಹಣೆ ತಟ್ಟಿದ. ಅವನ ಕಣ್ಣು ಕಿವಿಗಳ ಮೇಲಿತ್ತು. ಕಿವಿಗಳು ಮುಂದಕ್ಕೆ, ನೆಟ್ಟಗೆ. ನಂಬಿಕೆಯಿಂದ ಸರಪಳಿ ತೆಗೆದುಕೊಂಡು ಎಡಗೈಯನ್ನು ಗಲ್ಲದ ಕೆಳಗೆ ತಂದ. ನನ್ನ ಕಣ್ಣಿಗೆ ಆ ಹುಡುಗಿಯ ಜಡೆ ಬಂತು, ನಾನು ಎಂದೂ ನೋಡಿರದ ಹುಡುಗಿಯದು.

"ಎಡಗೈ ತೆಗಿ!"

ಕೂಗಿದವನು ನನ್ನ ಗಂಡ. ಹೊಸ ಸೈಸ ಬೆಚ್ಚಿ ಕೈ ಎಳೆದುಕೊಂಡ. ಅಳಿಯನ ಹಲ್ಲು ಖಾಲಿ ಗಾಳಿಯಲ್ಲಿ ಟಕ್ಕೆಂದಿತು.

"ಹ್ಹೆ ಹ್ಹೆ, ಆಟ ಆಡ್ತಾನೆ," ಎಂದ ಧಣಿ.

ಮ್ಯಾನೇಜರ್ ಗಂಡನ ಅಂಗಿಯ ಬೆನ್ನು ಹಿಡಿದು ಹಿಂದಕ್ಕೆ ಜಗ್ಗಿದ. "ಸೂಳೆಮಗನೆ, ಸಂಜೆಯೊಳಗೆ ನಿನ್ನ ಪಾತ್ರೆಪಗಡ ಬೀದೀಲಿರುತ್ತೆ!"

ಗಂಡ ನನ್ನ ಕಡೆ ನೋಡಿದ. ಗೋಡೆ ಉಳಿಯಬೇಕೋ ಬೇಡವೋ ಎಂದು ಕೇಳಿದವಳು ನಾನು. ಪೊರಕೆ ಬಿಸಾಡಿ ಹೋದೆ. ಅವನ ಎಡಗೈ ಹಿಡಿದು ಗ್ಲೌಸು ಎಳೆದೆ. ಬೆವರಿಗೆ ಅಂಟಿಕೊಂಡಿತ್ತು, ಎರಡು ಸಲ ಎಳೆಯಬೇಕಾಯಿತು. ತಂದು ಮೇಜಿನ ಮೇಲೆ, ಚಾಳಿ ಇಲ್ಲ ಎಂದು ಬರೆದಿದ್ದ ಸಾಲಿನ ಮೇಲೇ ಇಟ್ಟೆ. ಮೂರು ಬೆರಳುಗಳು ಚಪ್ಪಟೆಯಾಗಿ ಮಲಗಿದವು. ನಾನು ತುಂಬಿದ ಎರಡು ಮಾತ್ರ ಉಬ್ಬಿಕೊಂಡು ನೆಟ್ಟಗಿದ್ದವು.

"ಬಾಗಿಲಿಗೆ ಸಿಕ್ಕಿದ್ದಲ್ಲಪ್ಪ," ಎಂದೆ ಹೊಸ ಸೈಸನಿಗೆ. ಅವನಿಗೆ ಬಾಗಿಲ ಕಥೆ ಗೊತ್ತೇ ಇರಲಿಲ್ಲ. ನನ್ನ ಬಾಯಿಗೆ ಮೊದಲು ಬಂದಿದ್ದು ಅದೇ. "ಇವನೇ ತಿಂದಿದ್ದು. ಕಿವಿ ಮಡಚಲ್ಲ ಇವನು. ಕಿವಿ ನಂಬ್ಬೇಡ. ನಮ್ಮನ್ನೂ ನಂಬ್ಬೇಡ, ಬೆಳಿಗ್ಗೆ ನಿಂಗೆ ಸುಳ್ಳು ಹೇಳಿದ್ವಿ."

ಹೊಸ ಸೈಸ ನನ್ನ ಗಂಡನ ಕೈ ನೋಡಿದ. ಯಜಮಾನಿಯೂ ಕನ್ನಡಕ ತೆಗೆದು ನೋಡಿದಳು. ಅವಳ ಮುಖದಲ್ಲಿ ಏನೋ ಹಾದುಹೋಯಿತು, ನನಗೆ ಒಂದು ಗಳಿಗೆ ಆಸೆಯಾಯಿತು. ಅವಳು ಪೆನ್ನಿನ ತುದಿಯಿಂದ ಗ್ಲೌಸನ್ನು ಕಾಗದದ ಮೇಲಿಂದ ಪಕ್ಕಕ್ಕೆ ಸರಿಸಿ, ಧಣಿಯ ಕಡೆ ತಿರುಗಿದಳು.

"ಹಾಗಿದ್ರೆ ರೇಟು ಮತ್ತೆ ಮಾತಾಡ್ಬೇಕಾಗುತ್ತೆ," ಎಂದಳು. "ಉಳಿದದ್ದು ನಮ್ಮ ಹುಡುಗ ಸಂಭಾಳಿಸ್ತಾನೆ."

ನಲವತ್ತು ದಾಟಿದ ಆ ಹುಡುಗ ಅದನ್ನು ಕೇಳಿಸಿಕೊಂಡ. ಕೈಯಲ್ಲಿದ್ದ ಹಗ್ಗವನ್ನು ಒಮ್ಮೆ ನೋಡಿದ. ಬಿಟ್ಟುಬಿಟ್ಟ.

ಅಳಿಯ ತಲೆ ಕೊಡವಿದ. ಹಗ್ಗ ನೆಲಕ್ಕೆ ಬಿತ್ತು. ಯಾರೂ ಹಿಡಿದಿಲ್ಲ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹಿಂಗಾಲು ಝಾಡಿಸಿ ಮೇಜಿನ ಕಡೆಗೇ ನುಗ್ಗಿದ. ಯಜಮಾನಿ ಕಾರಿಗೆ ಓಡಿದಳು. ಧಣಿ ಕುರ್ಚಿಯನ್ನು ಎದೆಗೆ ಅಡ್ಡ ಹಿಡಿದ. ಮ್ಯಾನೇಜರ್ ಲಾರಿಯ ಮೆತ್ತೆಯ ಕೋಣೆಗೆ ಹತ್ತಿಕೊಂಡ. ಏಳು ತಲೆಮಾರಿನ ಕಾಗದ ಅಂಗಳದ ತುಂಬ ಹಾರಿತು.

"ಹಿಡೀರೋ!" ಎಂದು ಧಣಿ ಅರಚಿದ. "ಲೇ, ಕಾಲು ಮುರ್ಕೊಂಡ್ರೆ ನಾನು ಹಾಳಾದೆ! ಹಿಡಿಯೋ ಸೈಸ!"

ನನ್ನ ಗಂಡ ಎರಡು ಕೈಗಳನ್ನೂ ಪ್ಯಾಂಟಿನ ಜೇಬಿಗೆ ಇಳಿಸಿದ. ಹೊಸ ಸೈಸ ಅವನ ಪಕ್ಕಕ್ಕೆ ಬಂದು ನಿಂತ, ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ, ತನ್ನವನ್ನೂ ಜೇಬಿಗೆ ಹಾಕಿಕೊಂಡ.

ನನಗೆ ಜೇಬಿಲ್ಲ. ನಾನು ಸೊಂಟದ ಮೇಲೆ ಇಟ್ಟುಕೊಂಡೆ.